‘ಬಾಂಬೆ–19’ ಎಂಬ ಫಲಕ: ಮುಂಬಯಿಯ ಸಣ್ಣ ಸೋಜಿಗಗಳನ್ನು ಕಾಣುವುದು, ಬರೆದಿಡುವುದು ಹೇಗೆ?

ಮುಂಬಯಿಯ ಹಳೆಯ ಅಂಗಡಿ ಫಲಕಗಳಲ್ಲಿ, ವಿಳಾಸದ ಕೊನೆಗೆ, ‘ಬಾಂಬೆ–19’ ಎಂದೋ ‘ಬಾಂಬೆ–14’ ಎಂದೋ ಬರೆದಿರುವುದು ಆಗಾಗ ಕಣ್ಣಿಗೆ ಬೀಳುತ್ತದೆ. ಅಂಗಡಿಯ ಹೆಸರು ಓದಿದವರು ಈ ಅಂಕಿಯವರೆಗೆ ಬರುವುದು ಕಡಿಮೆ. ಬಂದವರಿಗೆ ಅಲ್ಲೊಂದು ಕತೆ ಸಿಗುತ್ತದೆ. 19 ಎಂದರೆ ಮಾಟುಂಗಾ, 14 ಎಂದರೆ ದಾದರ್. ಇವು ಹಳೆಯ ಅಂಚೆ ವಲಯಗಳ ಸಂಖ್ಯೆಗಳು. 1972ರ ಆಗಸ್ಟ್ 15ರಂದು ದೇಶಕ್ಕೆ ಆರಂಕಿಯ ಪಿನ್‌ಕೋಡ್ ಬಂದಾಗ ಮಾಟುಂಗಾ 400019 ಆಯಿತು, ದಾದರ್ 400014 ಆಯಿತು. ಹಳೆಯ ವಲಯದ ಅಂಕಿ ಹೊಸ ಸಂಖ್ಯೆಯ ಬಾಲದಲ್ಲಿ ಹಾಗೇ ಉಳಿದುಕೊಂಡಿತು. ಈ ಪಿನ್‌ಕೋಡನ್ನು ರೂಪಿಸಿದ ಅಂಚೆ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದಲ್ಲಿ ಕಾವ್ಯ, ನಾಟಕ ಬರೆದ ವಿದ್ವಾಂಸರೂ ಹೌದು.

ಒಂದು ಫಲಕ, ಎರಡು ಅಂಕಿ. ಅಷ್ಟರಲ್ಲಿ ಅಂಚೆಯ ಚರಿತ್ರೆ, ಒಂದು ಬಡಾವಣೆಯ ಗುರುತು, ಒಬ್ಬ ಸಂಸ್ಕೃತ ಕವಿ.

ಮುಂಬಯಿ ಇಂಥ ಸಣ್ಣ ಸೋಜಿಗಗಳ ಕಣಜ. ಅವನ್ನು ನೋಡಲು ರಜೆ ಹಾಕಬೇಕಿಲ್ಲ, ಟಿಕೆಟ್ ಕೊಳ್ಳಬೇಕಿಲ್ಲ. ದಿನವೂ ನಡೆಯುವ ದಾರಿ, ಹಿಡಿಯುವ ಲೋಕಲ್, ಕಾಯುವ ಬಸ್‌ಸ್ಟಾಪ್ ಸಾಕು. ಕಂಡದ್ದನ್ನು ಅಲ್ಲೇ ಬಿಡದೆ, ಬರೆದು, ತಾಳೆ ನೋಡಿ, ಮೂರ್ನಾಲ್ಕು ತಿಂಗಳಲ್ಲಿ ಮುಗಿಯುವ ಒಂದು ಪುಟ್ಟ ಕೆಲಸವಾಗಿ ಬೆಳೆಸುವುದು ಹೇಗೆ ಎಂಬುದನ್ನು ಈ ಲೇಖನ ಹೇಳುತ್ತದೆ.

ಮೂರು ಕಲಮಿನ ಪುಸ್ತಕ

ಮೊದಲು ಬೇಕಾದದ್ದು ಕಿಸೆಗೆ ಹಿಡಿಸುವ ಒಂದು ಪುಸ್ತಕ. ಪ್ರತಿ ಪುಟವನ್ನೂ ಮೂರು ಕಲಮುಗಳಾಗಿ ಗೆರೆ ಎಳೆದುಕೊಳ್ಳಬೇಕು: ಕಂಡದ್ದು, ಕೇಳಿದ್ದು, ಊಹಿಸಿದ್ದು. ಉಳಿದೆಲ್ಲಕ್ಕಿಂತ ಮುಖ್ಯವಾದ ನಿಯಮ ಇದೇ.

‘ಬಾಂಬೆ–19’ ಉದಾಹರಣೆಯನ್ನೇ ನೋಡಬಹುದು. ಫಲಕದ ಮೇಲಿನ ಅಕ್ಷರ, ಬಣ್ಣ, ಅಳತೆ ಮೊದಲ ಕಲಮಿಗೆ. “ನಮ್ಮ ಅಜ್ಜ ಬರೆಯಿಸಿದ್ದು” ಎಂದು ಅಂಗಡಿಯವರು ಹೇಳಿದರೆ ಅದು ಎರಡನೆಯದಕ್ಕೆ. “1972ಕ್ಕೂ ಮೊದಲಿನದು” ಎಂಬ ತೀರ್ಮಾನ ಮೂರನೆಯದಕ್ಕೆ. ಏಕೆಂದರೆ ಪಿನ್‌ಕೋಡ್ ಬಂದ ಮೇಲೂ ಎಷ್ಟೋ ವರ್ಷ ಜನ ರೂಢಿಯಂತೆ ಎರಡಂಕಿಯನ್ನೇ ಬರೆಯುತ್ತಿದ್ದರು. ಬೇರೊಂದು ಸುಳಿವು ಸಿಕ್ಕಿ ಖಾತ್ರಿಯಾಗುವವರೆಗೆ ಊಹೆ ಆ ಕಲಮಿನಲ್ಲೇ ಕಾಯಬೇಕು. ಊರಿನ ಬಗ್ಗೆ ಹರಿದಾಡುವ ಅರ್ಧಕ್ಕರ್ಧ ತಪ್ಪು ಮಾಹಿತಿ ಹುಟ್ಟುವುದು ಈ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿದಾಗ.

ಪ್ರತಿ ಟಿಪ್ಪಣಿಗೂ ಇಷ್ಟು ವಿವರ ಇರಲಿ:

1. ದಿನಾಂಕ ಮತ್ತು ಹೊತ್ತು.
2. ಜಾಗ. “ಸ್ಟೇಷನ್ ಹತ್ತಿರ” ಎಂದರೆ ಸಾಲದು. ಕಟ್ಟಡದ ಹೆಸರು, ಎದುರಿನ ಗೇಟು, ದೀಪದ ಕಂಬದ ಮೇಲಿನ ಸಂಖ್ಯೆ, ಏನಾದರೂ ಒಂದು ನಿಖರ ಗುರುತು ಬೇಕು.
3. ಅಕ್ಷರಗಳಿದ್ದರೆ ಇದ್ದ ಹಾಗೇ ನಕಲು. ತಪ್ಪು ಕಾಗುಣಿತವನ್ನೂ ತಿದ್ದಬಾರದು. ಅಳಿಸಿದ ಕಡೆ ಚುಕ್ಕಿ ಇಡಬೇಕು.
4. ಅಳತೆ. ಟೇಪು ಇಲ್ಲದಿದ್ದರೆ ಗೇಣಿನ ಲೆಕ್ಕವಾದರೂ ಆದೀತು.
5. ಎರಡು ಫೋಟೋ: ಒಂದು ಹತ್ತಿರದಿಂದ, ಇನ್ನೊಂದು ಸುತ್ತಲಿನ ಜಾಗ ಕಾಣುವಂತೆ.

ಸವೆದ ಅಕ್ಷರ ಓದಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲೇ ವಾಸಿ. ಮೊಬೈಲಿನ ಟಾರ್ಚನ್ನು ಎದುರಿಂದ ಹಿಡಿಯದೆ ಪಕ್ಕದಿಂದ ಹಿಡಿದರೂ ಅಕ್ಷರದ ಅಂಚಿಗೆ ನೆರಳು ಬಿದ್ದು ಓದಲು ಬರುತ್ತದೆ.

ಫಲಕದ ವಯಸ್ಸು ಹಿಡಿಯುವುದು

ಹೊಸದಾಗಿ ತೊಡಗುವವರಿಗೆ ಅಂಗಡಿ ಫಲಕಗಳೇ ಒಳ್ಳೆಯ ಅಭ್ಯಾಸ. ಮರದ ವಯಸ್ಸನ್ನು ಅದರ ಉಂಗುರಗಳಿಂದ ಎಣಿಸುವಂತೆ ಫಲಕದ ವಯಸ್ಸನ್ನೂ ಕೆಲವು ಗುರುತುಗಳಿಂದ ಅಂದಾಜು ಮಾಡಬಹುದು.

ಇಂಗ್ಲಿಷಿನಲ್ಲಿ ‘ಬಾಂಬೆ’ ಎಂದಿದ್ದರೆ ಫಲಕ ಬಹುಶಃ ನಗರದ ಹೆಸರು ಅಧಿಕೃತವಾಗಿ ಮುಂಬಯಿಯಾದ 1995ಕ್ಕಿಂತ ಹಿಂದಿನದು. ವಿಳಾಸದಲ್ಲಿ ‘ವಿ.ಟಿ.’ ಎಂದಿದ್ದರೆ ವಿಕ್ಟೋರಿಯಾ ಟರ್ಮಿನಸ್ ಛತ್ರಪತಿ ಶಿವಾಜಿ ಟರ್ಮಿನಸ್ ಆದ 1996ರ ಮೊದಲಿನ ಕಾಲ ನೆನಪಾಗುತ್ತದೆ. ‘ಎಲ್ಫಿನ್‌ಸ್ಟನ್ ರೋಡ್’ ನಿಲ್ದಾಣ 2018ರಲ್ಲಿ ಪ್ರಭಾದೇವಿಯಾಯಿತು. ಬೆಲೆಪಟ್ಟಿಯಲ್ಲಿ ‘ನಯಾ ಪೈಸೆ’ ಸಿಕ್ಕರೆ ಅದೊಂದು ಭಾಗ್ಯವೇ ಸರಿ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ಹುಟ್ಟಿದ ‘ನಯಾ’ ಎಂಬ ವಿಶೇಷಣ 1964ರಲ್ಲಿ ಬಿದ್ದುಹೋಯಿತು.

ಈಚಿನ ಗುರುತುಗಳೂ ಇವೆ. ರೂಪಾಯಿಯ ಹೊಸ ಚಿಹ್ನೆ ಬಂದದ್ದು 2010ರಲ್ಲಿ. ಜಿಎಸ್‌ಟಿ ಸಂಖ್ಯೆ ಕಂಡರೆ 2017ರ ಜುಲೈ ನಂತರದ್ದು. ಮರಾಠಿ ಅಕ್ಷರ ಉಳಿದ ಭಾಷೆಗಳ ಅಕ್ಷರಕ್ಕಿಂತ ಚಿಕ್ಕದಿರಬಾರದು ಎಂಬ ನಿಯಮವನ್ನು ಮಹಾರಾಷ್ಟ್ರ 2022ರಲ್ಲಿ ಬಿಗಿ ಮಾಡಿತು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅಂಗಡಿಗಳಿಗೆ ಎರಡು ತಿಂಗಳ ಗಡುವು ಕೊಟ್ಟ ಮೇಲೆ ಬೀದಿಬೀದಿಯಲ್ಲಿ ಫಲಕಗಳು ಬದಲಾದವು. ಹಳೆಯ ಕೈಬರಹದ ಫಲಕಗಳನ್ನು ದಾಖಲಿಸಬೇಕೆನ್ನುವವರು ತಡಮಾಡದೆ ಹೊರಡಬೇಕಾದ ಕಾರಣ ಇದೇ.

ಒಂದೇ ಬೀದಿ, ಒಂದೇ ಮಗ್ಗುಲು, ಇಪ್ಪತ್ತು ಫಲಕ. ಮೊದಲ ಕೆಲಸಕ್ಕೆ ಇಷ್ಟು ಸಾಕು. ಮಾಟುಂಗಾದ ಭಾವು ದಾಜಿ ರಸ್ತೆ ಕನ್ನಡಿಗರಿಗೆ ಪರಿಚಿತವಾದ್ದರಿಂದ ಅಲ್ಲಿಂದಲೇ ಶುರುಮಾಡಬಹುದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದು ಆ ರಸ್ತೆಯಲ್ಲಿ. ಕಾರ್ಯಕ್ರಮಕ್ಕೆಂದು ಹೋಗುವವರಿಗೆ ರಸ್ತೆಯ ಹೆಸರಿನ ವ್ಯಕ್ತಿ ಯಾರೆಂಬುದು ಗೊತ್ತಿದ್ದರೆ ದಾರಿ ಇನ್ನಷ್ಟು ರುಚಿಸೀತು. ಭಾವು ದಾಜಿ ಲಾಡ್ (1822–1874) ವೈದ್ಯರಾಗಿದ್ದರು, ಕುಷ್ಠರೋಗಕ್ಕೆ ಔಷಧ ಹುಡುಕಿದರು. ಅದರ ಜೊತೆಗೇ ಹಳೆಯ ಶಾಸನಗಳನ್ನು ಓದುವ ಹುಚ್ಚು ಹಚ್ಚಿಕೊಂಡಿದ್ದರು. ಅಜಂತಾದ ಗುಹೆಗಳ ಶಾಸನಗಳನ್ನು ನಕಲು ಮಾಡಿ ಓದಿದವರಲ್ಲಿ ಅವರೊಬ್ಬರು. ಬೈಕುಲ್ಲಾದ ಮ್ಯೂಸಿಯಮ್ಮಿಗೂ ಅವರದೇ ಹೆಸರು.

ಲೋಕಲ್‌ನಲ್ಲಿ ನಿಂತೇ ಮಾಡುವ ಕೆಲಸ

ಬೀದಿ ಸುತ್ತಲು ಪುರುಸೊತ್ತಿಲ್ಲದವರಿಗೆ ಲೋಕಲ್ ಇದೆ. ಪ್ಲಾಟ್‌ಫಾರ್ಮಿನ ಗೋಡೆಗಳಲ್ಲಿ, ಕಂಬಗಳಲ್ಲಿ ಬಳಿದ ಓರೆ ಪಟ್ಟೆಗಳನ್ನು ಗಮನಿಸಬೇಕು. ಹಳದಿ–ಕೆಂಪು ಇದ್ದಲ್ಲಿ ಫಸ್ಟ್ ಕ್ಲಾಸ್ ಡಬ್ಬಿ ಬಂದು ನಿಲ್ಲುತ್ತದೆ, ಹಳದಿ–ಹಸಿರು ಇದ್ದಲ್ಲಿ ಮಹಿಳೆಯರ ಡಬ್ಬಿ. ನಿತ್ಯ ಓಡಾಡುವವರ ಕಾಲು ತಾನಾಗಿ ಅಲ್ಲಿಗೆ ಹೋಗುತ್ತದೆ. ಹೊಸಬರಿಗೆ ಇದು ಬಣ್ಣದಲ್ಲಿ ಬರೆದ ವೇಳಾಪಟ್ಟಿ.

ಸೆಂಟ್ರಲ್ ಲೈನಿನ ಇಂಡಿಕೇಟರಿನಲ್ಲಿ ಠಾಣೆಗೆ ‘ಟಿ’, ಕಲ್ಯಾಣಕ್ಕೆ ‘ಕೆ’. ಇದು ಸುಲಭ. ಆದರೆ ಕರ್ಜತ್‌ಗೆ ‘ಎಸ್’, ಕಸಾರಾಕ್ಕೆ ‘ಎನ್’ ಏಕೆ? ಕಲ್ಯಾಣದಲ್ಲಿ ಹಳಿ ಕವಲೊಡೆಯುತ್ತದೆ. ಪುಣೆಯ ಕಡೆಗೆ ಆಗ್ನೇಯಕ್ಕೆ ಸಾಗುವ ಕವಲಿನಲ್ಲಿ ಕರ್ಜತ್ ಇದೆ, ನಾಸಿಕದ ಕಡೆಗೆ ಈಶಾನ್ಯಕ್ಕೆ ಸಾಗುವ ಕವಲಿನಲ್ಲಿ ಕಸಾರಾ. ಸೌತ್‌ಗೆ ಎಸ್, ನಾರ್ತ್‌ಗೆ ಎನ್. ಸಹ್ಯಾದ್ರಿಯನ್ನು ಹತ್ತಲು ರೈಲು ಹಿಡಿದ ಎರಡು ದಾರಿಗಳು, ಭೋರ್ ಘಾಟು ಮತ್ತು ಥಳ್ ಘಾಟು, ಈ ಎರಡು ಅಕ್ಷರಗಳ ಹಿಂದಿವೆ.

ದಾದರಿನಲ್ಲಿ ಪ್ಲಾಟ್‌ಫಾರ್ಮಿನ ಸಂಖ್ಯೆಗಳೇ ಒಂದು ಪ್ರಕರಣ. ವೆಸ್ಟರ್ನ್ ಮತ್ತು ಸೆಂಟ್ರಲ್ ಎರಡೂ ಲೈನುಗಳು ತಂತಮ್ಮ ಒಂದನೇ ಪ್ಲಾಟ್‌ಫಾರ್ಮ್ ಇಟ್ಟುಕೊಂಡಿದ್ದವು. “ಒಂದರಲ್ಲಿ ಸಿಗು” ಎಂದು ಗೊತ್ತುಮಾಡಿಕೊಂಡವರು ಬೇರೆಬೇರೆ ಕಡೆ ನಿಂತು ಕಾಯುತ್ತಿದ್ದರು. 2023ರ ಡಿಸೆಂಬರಿನಲ್ಲಿ ಸಂಖ್ಯೆಗಳನ್ನು ಸಾಲಾಗಿ ಜೋಡಿಸಿ, ವೆಸ್ಟರ್ನ್‌ಗೆ 1ರಿಂದ 7, ಸೆಂಟ್ರಲ್‌ಗೆ 8ರಿಂದ 14 ಎಂದು ಮಾಡಿದರು. ಹಳೆಯ ಸಂಖ್ಯೆಯನ್ನೇ ಹೇಳುವ ಹಮಾಲರು, ಟೀ ಮಾರುವವರು, ಪ್ರಯಾಣಿಕರು ಇನ್ನೂ ಇದ್ದಾರೆಯೇ? ಯಾರು ಯಾವ ಸಂಖ್ಯೆ ಬಳಸುತ್ತಾರೆ? ಒಂದು ತಿಂಗಳು ಕಿವಿಗೊಟ್ಟು ಬರೆದರೆ ರೂಢಿ ಬದಲಾಗುವ ವೇಗ ಕಾಗದದ ಮೇಲೆ ಮೂಡುತ್ತದೆ.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚರ್ಚ್‌ಗೇಟಿನ ಹೊರಗೆ ನಿಂತರೆ ಡಬ್ಬಾವಾಲಾಗಳ ಕೆಲಸ ಕಾಣುತ್ತದೆ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಆರಂಭಿಸಿದ ಈ ವ್ಯವಸ್ಥೆಯಲ್ಲಿ ವಿಳಾಸವೆಂಬುದು ಡಬ್ಬಿಯ ಮುಚ್ಚಳದ ಮೇಲಿನ ಕೆಲವು ಬಣ್ಣದ ಅಕ್ಷರ, ಅಂಕಿ ಮಾತ್ರ. ಎಲ್ಲಿಂದ ಎತ್ತಿದ್ದು, ಯಾವ ನಿಲ್ದಾಣದಲ್ಲಿ ಇಳಿಸುವುದು, ಯಾವ ಕಟ್ಟಡ, ಎಷ್ಟನೇ ಮಹಡಿ, ಎಲ್ಲವೂ ಅದರಲ್ಲಿ ಅಡಗಿದೆ. ಕೆಲಸದ ಭರಾಟೆಯಲ್ಲಿ ಅವರನ್ನು ತಡೆದು ಕೇಳುವುದು ಬೇಡ. ಡಬ್ಬಿ ತಲುಪಿಸಿದ ಮೇಲಿನ ಬಿಡುವಿನಲ್ಲಿ ಮಾತಾಡಿಸುವುದೇ ಸರಿ.

ಮೈಲಿಗಲ್ಲಿನಿಂದ ವೀರಗಲ್ಲಿಗೆ

ಕೋಟೆ ಪ್ರದೇಶದ ಸೇಂಟ್ ಥಾಮಸ್ ಇಗರ್ಜಿ 1718ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಯಿತು. ಅದರ ಕಡೆಗೆ ಹೋಗುವ ಕೋಟೆಯ ಬಾಗಿಲೇ ‘ಚರ್ಚ್ ಗೇಟ್’. ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ ಕೆಡವಿದರು. ಬಾಗಿಲೂ ಹೋಯಿತು, ಹೆಸರು ಮಾತ್ರ ರೈಲು ನಿಲ್ದಾಣಕ್ಕೆ ಅಂಟಿಕೊಂಡು ಉಳಿಯಿತು. ಬ್ರಿಟಿಷರ ಕಾಲದಲ್ಲಿ ನಗರದ ದೂರಗಳನ್ನು ಅಳೆದದ್ದು ಈ ಇಗರ್ಜಿಯಿಂದ. ಕಪ್ಪು ಬಸಾಲ್ಟ್ ಕಲ್ಲಿನ ಮೇಲೆ ರೋಮನ್ ಅಂಕಿಯಲ್ಲಿ ಮೈಲಿ ಕೊರೆದ ಆ ಕಲ್ಲುಗಳು ಕಾಲ್ಬಾದೇವಿ, ಪರೇಲ್, ದಾದರ್ ಕಡೆಗಳಲ್ಲಿ ಫುಟ್‌ಪಾತಿನ ಪದರಗಳ ಕೆಳಗೆ ಹೂತುಹೋಗಿದ್ದವು. ಕೆಲವನ್ನು ಈಚಿನ ವರ್ಷಗಳಲ್ಲಿ ಪಾಲಿಕೆ ಎತ್ತಿ ನಿಲ್ಲಿಸಿದೆ. ಮೈಲಿಗಲ್ಲು ಹುಡುಕಲು ಹೊರಡುವವರು ಕಣ್ಣನ್ನು ನೆಲಕ್ಕೆ ಹತ್ತಿರ ಇಟ್ಟುಕೊಳ್ಳಬೇಕು, ಏಕೆಂದರೆ ರಸ್ತೆ ಎತ್ತರವಾದಂತೆ ಕಲ್ಲು ಕುಳ್ಳಗಾಗಿದೆ.

ಕನ್ನಡಿಗರಿಗೆ ತೀರ ಹತ್ತಿರದ ಕಲ್ಲುಗಳು ಬೊರಿವಲಿಯಲ್ಲಿವೆ. ಬೊರಿವಲಿ ಪಶ್ಚಿಮದ ಎಕ್ಸರ್ ಹಳ್ಳಿಯಲ್ಲಿ, ಸುತ್ತ ಎದ್ದ ಕಟ್ಟಡಗಳ ನಡುವೆ, ಎತ್ತರದ ವೀರಗಲ್ಲುಗಳು ಸಾಲಾಗಿ ನಿಂತಿವೆ. ಕರ್ನಾಟಕದ ಊರೂರಿನ ಬಯಲಿನಲ್ಲಿ ಕಾಣುವಂಥವೇ, ಆದರೆ ಇಲ್ಲಿ ಒಂದು ವ್ಯತ್ಯಾಸ. ಕುದುರೆ, ಆನೆ, ಕಾಲಾಳುಗಳ ಜೊತೆಗೆ ಹುಟ್ಟುಹಾಕುವ ಹಡಗುಗಳೂ ಕೆತ್ತನೆಯಲ್ಲಿವೆ. ಇದು ಕಡಲ ಕಾಳಗ. 13ನೇ ಶತಮಾನದಲ್ಲಿ, 1265ರ ಸುಮಾರಿಗೆ, ಉತ್ತರ ಕೊಂಕಣದ ಶಿಲಾಹಾರ ದೊರೆ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ ನಡೆದ ಯುದ್ಧದ ಜೊತೆ ಇವನ್ನು ವಿದ್ವಾಂಸರು ಹೊಂದಿಸಿದ್ದಾರೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಹಲಗೆಯಲ್ಲಿ ಕಾಳಗ, ನಡುವಿನಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುವ ನೋಟ, ಮೇಲೆ ಕೈಲಾಸದಲ್ಲಿ ಲಿಂಗಪೂಜೆ, ತುದಿಯಲ್ಲಿ ಕಲಶ. ಎಕ್ಸರ್‌ನ ಕಲ್ಲುಗಳಿಗೆ ಊರವರು ಪೂಜೆ ಸಲ್ಲಿಸುತ್ತಾರೆ. ಆದ್ದರಿಂದ ಅಲ್ಲಿಗೆ ಹೋಗುವವರು ದೇವಸ್ಥಾನಕ್ಕೆ ಹೋದ ಹಾಗೆ ನಡೆದುಕೊಳ್ಳಬೇಕು: ಚಪ್ಪಲಿ ಹೊರಗೆ, ಫೋಟೋಗೆ ಮೊದಲು ಒಂದು ಮಾತಿನ ಅನುಮತಿ.

ಅದೇ ಬೊರಿವಲಿಯ ಪೂರ್ವಕ್ಕೆ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ, ನೂರಕ್ಕೂ ಮಿಕ್ಕಿದ ಗುಹೆಗಳ ಕನ್ಹೇರಿ ಇದೆ. ಇಲ್ಲಿಯ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಬರುತ್ತದೆ. ‘ಕವಿರಾಜಮಾರ್ಗ’ದ ಮೂಲಕ ಕನ್ನಡಿಗರಿಗೆ ಗೊತ್ತಿರುವ ನೃಪತುಂಗ ಇವನೇ. 9ನೇ ಶತಮಾನದಲ್ಲಿ ಕೊಂಕಣ ಅವನ ಆಳ್ವಿಕೆಗೆ ಒಳಪಟ್ಟಿತ್ತು. ಶಿಲಾಹಾರರು ಅವನ ಸಾಮಂತರು. ಮತ್ತೊಂದು ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009ರಲ್ಲಿ, ಮತ್ತೆ 1021ರಲ್ಲಿ ಗುಹೆ ನೋಡಲು ಬಂದ ಪಾರಸಿಗಳು ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಗುಹೆಯಿಂದ ಗುಹೆಗೆ ಮಳೆನೀರು ಹರಿಸಲು ಬಂಡೆಯಲ್ಲೇ ಕಡಿದ ಕಾಲುವೆ, ತೊಟ್ಟಿಗಳನ್ನು ನೋಡಬೇಕಾದರೆ ಮಳೆಗಾಲದಲ್ಲೇ ಹೋಗಬೇಕು. ಆಗ ಅವು ಈಗಲೂ ಹರಿಯುತ್ತವೆ.

ಇಂಥ ನೋಟ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಬೆಂಗಳೂರಿನಲ್ಲಿ ಉದಾಹರಣೆಯಿದೆ. ಎಂಜಿನಿಯರ್ ಪಿ. ಎಲ್. ಉದಯಕುಮಾರ್ ಮತ್ತು ಗೆಳೆಯರು ಬೆಂಗಳೂರಿನ ಶಾಸನಗಳನ್ನು ಹುಡುಕಿ ಕಾಪಾಡುವ ಕೆಲಸವನ್ನು 2017ರ ಸುಮಾರಿಗೆ ಶುರುಮಾಡಿದರು. ಮರುವರ್ಷ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸಿಕ್ಕ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದು. ಬಿಡುವಿನ ವೇಳೆಯ ಆಸಕ್ತಿ ಮುಂದೆ ಮಿಥಿಕ್ ಸೊಸೈಟಿಯ ಆಸರೆಯಲ್ಲಿ ಕಲ್ಲುಗಳ ಮೂರು ಆಯಾಮದ ಸ್ಕ್ಯಾನಿಂಗ್‌ವರೆಗೆ ಬೆಳೆಯಿತು.

ನೀರಿನ ಜಾಡು

ಮಸೀದಿ ಬಂದರಿನ ಭಾತ್ ಬಜಾರಿನಲ್ಲಿ 1876ರ ಕೇಶವಜಿ ನಾಯಕ್ ಕಾರಂಜಿ ಮತ್ತು ಗಡಿಯಾರ ಗೋಪುರ ಇದೆ. ಇಂಥ ಕುಡಿಯುವ ನೀರಿನ ಕಟ್ಟೆಗಳಿಗೆ ಮುಂಬಯಿಯಲ್ಲಿ ‘ಪ್ಯಾವ್’ ಎನ್ನುತ್ತಾರೆ. ನಮ್ಮ ಕಡೆಯ ಅರವಟ್ಟಿಗೆಯ ಕಲ್ಲಿನ ರೂಪ. 1860ರಲ್ಲಿ ವಿಹಾರ ಕೆರೆಯ ನೀರು ನಳಿಗೆಯಲ್ಲಿ ಊರಿಗೆ ಬಂದ ಮೇಲೆ ವರ್ತಕರು ತಾಯಿ, ತಂದೆ, ಮಕ್ಕಳ ನೆನಪಿಗೆ ಇವನ್ನು ಕಟ್ಟಿಸಿದರು. ನೋಡುವಾಗ ಮೂರು ಸಂಗತಿ ಗಮನಿಸಬೇಕು: ಮನುಷ್ಯರಿಗೆಂದು ಎತ್ತರದಲ್ಲಿಟ್ಟ ನೀರಿನ ಬಾಯಿ, ದನಕುದುರೆಗಳಿಗೆಂದು ಕೆಳಗಿಟ್ಟ ಕಲ್ಲಿನ ತೊಟ್ಟಿ, ದಾನಿಯ ಹೆಸರಿನ ಕಲ್ಲು. ತೊಟ್ಟಿಯ ಉದ್ದ ನೋಡಿದರೆ ಆ ರಸ್ತೆಯಲ್ಲಿ ಎಷ್ಟು ಗಾಡಿಗಳು ಓಡಾಡುತ್ತಿದ್ದವೆಂಬ ಅಂದಾಜು ಸಿಗುತ್ತದೆ. ಅದು ಮೂರನೇ ಕಲಮಿಗೆ.

ಕಡಲಿನ ಕಡೆಗೂ ಒಂದು ಹಾದಿಯಿದೆ. ಕರಾವಳಿಯವರು ಭರತ, ಇಳಿತ ಎನ್ನುವುದನ್ನು ಮರಾಠಿಯಲ್ಲಿ ಭರತಿ, ಓಹೋಟಿ ಎನ್ನುತ್ತಾರೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಮರುದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಆಗ ಗಿರ್ಗಾಂವ್ ಚೌಪಾಟಿ, ಹಾಜಿ ಅಲಿ, ಬಾಂದ್ರಾದ ಕಾರ್ಟರ್ ರೋಡ್ ಬದಿಯ ಬಂಡೆಗಳ ಹೊಂಡಗಳಲ್ಲಿ ಸನ್ಯಾಸಿ ಏಡಿ, ಕಡಲ ಹೂವು, ಸ್ಪಂಜು, ಅದೃಷ್ಟವಿದ್ದರೆ ಆಕ್ಟೋಪಸ್ ಕಾಣಸಿಗುತ್ತವೆ. 2017ರಲ್ಲಿ ಆರಂಭವಾದ ‘ಮರೈನ್ ಲೈಫ್ ಆಫ್ ಮುಂಬೈ’ ತಂಡ ಜನರನ್ನು ಇಂಥ ದಡಗಳಿಗೆ ಕರೆದೊಯ್ದು, ಕಂಡ ಜೀವಿಗಳನ್ನು ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ದಾಖಲಿಸುತ್ತ ಬಂದಿದೆ. ಹೆಸರು ಗೊತ್ತಿಲ್ಲದ ಪ್ರಾಣಿಯ ಸ್ಪಷ್ಟ ಚಿತ್ರ, ಜಾಗ, ಹೊತ್ತು ಹಾಕಿದರೆ ಬಲ್ಲವರು ಗುರುತು ಹಿಡಿಯಲು ನೆರವಾಗುತ್ತಾರೆ.

ದಡಕ್ಕೆ ಒಬ್ಬರೇ ಹೋಗಬಾರದು. ನೀರು ತೀರ ಇಳಿಯುವ ಹೊತ್ತಿಗಿಂತ ಒಂದು ಗಂಟೆ ಮೊದಲು ಹೋಗಿ, ಏರಲು ತೊಡಗಿದ ಕೂಡಲೇ ಮರಳಬೇಕು. ಜಾರದ ಅಡಿಯ ಚಪ್ಪಲಿ ಬೇಕು. ಏನನ್ನೂ ಮನೆಗೆ ತರಬಾರದು; ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಮನೆಯ ಟ್ರಂಕು, ಬಾಯಿಯ ಪದ

ಕೆಲವು ಸೋಜಿಗಗಳಿಗೆ ಹೊಸಿಲು ದಾಟಬೇಕಿಲ್ಲ. ಮುಂಬಯಿಯಲ್ಲಿ ಎರಡು ಮೂರು ತಲೆಮಾರು ಕಳೆದ ಕನ್ನಡ, ತುಳು, ಕೊಂಕಣಿ ಮನೆಗಳ ಟ್ರಂಕುಗಳಲ್ಲಿ ಹಳೆಯ ಲಗ್ನಪತ್ರಿಕೆ, ರೇಷನ್ ಕಾರ್ಡು, ರಾತ್ರಿಶಾಲೆಯ ಸರ್ಟಿಫಿಕೇಟು, ಹೋಟೆಲಿನ ಬಿಲ್ಲು ಇರುತ್ತವೆ. ಹಳೆಯ ಲಗ್ನಪತ್ರಿಕೆಯಲ್ಲಿ ಮುಹೂರ್ತದ ಪಕ್ಕದಲ್ಲಿ ‘ಸ್ಟ್ಯಾಂ. ಟಾ.’ ಎಂದಿದ್ದರೆ ನಿಂತು ಓದಬೇಕು. ಅದು ‘ಸ್ಟ್ಯಾಂಡರ್ಡ್ ಟೈಮ್’. 1906ರ ಜನವರಿ 1ರಂದು ಭಾರತೀಯ ಕಾಲಮಾನ ಜಾರಿಗೆ ಬಂದರೂ ಮುಂಬಯಿ ತನ್ನ ಗಡಿಯಾರವನ್ನು ಬಿಟ್ಟುಕೊಡಲಿಲ್ಲ. ಅದಕ್ಕಿಂತ 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ 1955ರವರೆಗೂ ನಡೆಯಿತು. ಎರಡು ಗಡಿಯಾರಗಳ ಊರಿನಲ್ಲಿ ಮುಹೂರ್ತ ಯಾವ ಗಡಿಯಾರದ್ದೆಂದು ಹೇಳಲೇಬೇಕಾಗಿತ್ತು. ಹಳೆಯ ಡೈರಿ, ಜಾತಕಗಳನ್ನು ಓದುವವರಿಗೂ ಈ 39 ನಿಮಿಷದ ಲೆಕ್ಕ ಬೇಕಾಗುತ್ತದೆ.

ಇನ್ನೊಂದು ಕೆಲಸ ಅಡುಗೆಮನೆಯಲ್ಲೇ ಇದೆ. ಮರಾಠಿಯ ‘ತೂಪ್’ ಕನ್ನಡದ ತುಪ್ಪ, ‘ಅಡ್ಕಿತ್ತಾ’ ಅಡಕತ್ತರಿ. ಅಣ್ಣಾ, ಅಕ್ಕಾ ಎರಡೂ ಕಡೆಯವು. ಎದುರು ದಿಕ್ಕಿನಲ್ಲಿ ಖೋಲಿ, ಚಾಳು ಮುಂಬಯಿ ಕನ್ನಡಿಗರ ಮಾತಿನಲ್ಲಿ ನೆಲೆಸಿವೆ. ವಾರಕ್ಕೆ ಐದು ಪದ ಹಿಡಿದು, ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಕೇಳಿದ್ದು ಎಂದು ಬರೆಯಬೇಕು. ಆಮೇಲೆ ಮೋಲ್ಸ್‌ವರ್ಥ್‌ನ ಮರಾಠಿ ನಿಘಂಟು (ಎರಡನೇ ಆವೃತ್ತಿ 1857) ಮತ್ತು ಕಿಟ್ಟೆಲ್‌ನ ಕನ್ನಡ ನಿಘಂಟು (1894) ಎರಡರಲ್ಲೂ ಹುಡುಕಬೇಕು. ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕೇಳಲು ಒಂದೇ ತರಹ ಇವೆಯೆಂದು ಎರಡು ಪದಗಳನ್ನು ನೆಂಟರು ಎಂದುಬಿಡುವ ಅವಸರ ಬೇಡ.

ಮುಂಬಯಿಯ ಸಣ್ಣ ವಸ್ತುಗಳ ಮೇಲೆ ಕಣ್ಣಿಡುವುದನ್ನು ಕನ್ನಡ ಕತೆಗಾರರು ಎಂದಿನಿಂದಲೋ ಮಾಡಿದ್ದಾರೆ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರ ಬರವಣಿಗೆಯ ದೊಡ್ಡ ಪಾಲು ಈ ನಗರದ್ದು. ಜಯಂತ ಕಾಯ್ಕಿಣಿಯವರ ‘ಒಪೆರಾ ಹೌಸ್’ ಕತೆಯಲ್ಲಿ ಸಿನಿಮಾ ಥಿಯೇಟರಿನ ಕಸ ಗುಡಿಸುವವನಿಗೆ ಯಾರೋ ಮರೆತುಹೋದ ಒಂದು ಫ್ಲಾಸ್ಕ್ ಸಿಗುತ್ತದೆ. ಕತೆ ಅಲ್ಲಿಂದ ಬೆಳೆಯುತ್ತದೆ. ಅವರ ಮುಂಬಯಿ ಕತೆಗಳ ಇಂಗ್ಲಿಷ್ ಸಂಕಲನ ‘ನೋ ಪ್ರೆಸೆಂಟ್ಸ್ ಪ್ಲೀಸ್’ (ಅನುವಾದ ತೇಜಸ್ವಿನಿ ನಿರಂಜನ) 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆಯಿತು.

ತಾಳೆ ನೋಡುವ ಜಾಗಗಳು

ರಸ್ತೆ, ಬಡಾವಣೆಗಳ ಹೆಸರಿಗೆ ಸ್ಯಾಮ್ಯುಯೆಲ್ ಶೆಪರ್ಡ್ 1917ರಲ್ಲಿ ಪ್ರಕಟಿಸಿದ ಬಾಂಬೆಯ ಸ್ಥಳನಾಮಗಳ ಪುಸ್ತಕ ಮೊದಲ ಮೆಟ್ಟಿಲು. ನಗರದ ಹಳೆಯ ವಿವರಗಳಿಗೆ 1909–10ರ ಗೆಜೆಟಿಯರ್‌ನ ಮೂರು ಸಂಪುಟಗಳಿವೆ. ಮರಾಠಿ ಓದಬಲ್ಲವರು ಗೋವಿಂದ ನಾರಾಯಣ ಮಾಡಗಾಂವ್‌ಕರ್ ಅವರ ‘ಮುಂಬಈಚೆ ವರ್ಣನ’ (1863) ಬಿಡಬಾರದು. ಬೀದಿ, ಕೆರೆ, ಅಂಗಡಿ, ಹಬ್ಬಗಳನ್ನು ಆ ಕಾಲದಲ್ಲೇ ಓಡಾಡಿ ಬರೆದ ಪುಸ್ತಕ ಅದು. 1804ರಲ್ಲಿ ಹುಟ್ಟಿದ ಏಷಿಯಾಟಿಕ್ ಸೊಸೈಟಿಯ ಟೌನ್‌ಹಾಲ್ ಗ್ರಂಥಾಲಯ ಮತ್ತು ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರ ಗಂಭೀರ ಹುಡುಕಾಟಕ್ಕೆ. ಟ್ರಾಮು, ಬಸ್ಸುಗಳಿಗೆ ಆಣಿಕ್ ಡಿಪೋದ ಬೆಸ್ಟ್ ಮ್ಯೂಸಿಯಂ. ಹೊರಡುವ ಮುನ್ನ ತೆರೆದಿರುವ ದಿನ, ಪ್ರವೇಶದ ನಿಯಮ ವಿಚಾರಿಸಿಕೊಳ್ಳಬೇಕು.

ಕಟ್ಟಡಗಳ ಆಸಕ್ತಿ ಇರುವವರಿಗೆ 2016ರಲ್ಲಿ ಆರಂಭವಾದ ‘ಆರ್ಟ್ ಡೆಕೊ ಮುಂಬೈ’ ಸಂಸ್ಥೆಯ ಕೆಲಸ ಮಾದರಿ. ಮರೀನ್ ಡ್ರೈವ್ ಮಾತ್ರವಲ್ಲದೆ ದಾದರ್, ಮಾಟುಂಗಾದ ಮನೆಗಳನ್ನೂ ಅದು ಒಂದೊಂದಾಗಿ ದಾಖಲಿಸಿದೆ. ಕಿಟಕಿಯ ಮೇಲೆ ಹುಬ್ಬಿನಂತೆ ಬಾಗಿದ ಸಜ್ಜ, ಹಡಗಿನ ಕಟಕಟೆಯಂಥ ಬಾಲ್ಕನಿ, ಗ್ರಿಲ್ಲಿನಲ್ಲಿ ಉದಯಸೂರ್ಯ, ಗೋಡೆಯ ಮೇಲೆ ಅದೇ ಶೈಲಿಯಲ್ಲಿ ಉಬ್ಬಿಸಿದ ಕಟ್ಟಡದ ಹೆಸರು: ಈ ನಾಲ್ಕನ್ನು ಗುರುತಿಸಲು ಬಂದರೆ ಫೈವ್ ಗಾರ್ಡನ್ಸ್ ಸುತ್ತಿನ ಒಂದು ನಡಿಗೆಯಲ್ಲಿ ಪುಟ ತುಂಬುತ್ತದೆ.

ಕೈಯಿಡಬಾರದ ಕಡೆ

ಶಾಸನದ ಅಕ್ಷರ ಕಾಣಲೆಂದು ಸುಣ್ಣ, ಹಿಟ್ಟು, ಚಾಕು ತೀಡಬಾರದು, ಕಲ್ಲು ಕೆಡುತ್ತದೆ. ಹೊಸ ಕಲ್ಲು ಕಂಡರೆ ಎತ್ತಿ ಒಯ್ಯದೆ, ಚಿತ್ರ ಮತ್ತು ಜಾಗದ ವಿವರದೊಂದಿಗೆ ರಾಜ್ಯ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ನೌಕಾನೆಲೆ, ನ್ಯಾಯಾಲಯ, ರೈಲ್ವೆಯ ಆವರಣಗಳಲ್ಲಿ ಫೋಟೋಗೆ ನಿಯಮಗಳಿವೆ. ಕಾವಲಿನವರನ್ನು ಕೇಳಿಯೇ ಕ್ಯಾಮೆರಾ ಎತ್ತಬೇಕು. ಚಾಳಿನ ಪಡಸಾಲೆ ಹೊರಗಿನವರಿಗೆ ದಾರಿಯಂತೆ ಕಂಡರೂ ಅಲ್ಲಿರುವವರಿಗೆ ಅದೇ ಮನೆಯಂಗಳ. ಒಣಗಿದ ಬಟ್ಟೆ, ಮಲಗಿದ ಅಜ್ಜಿ, ಆಡುವ ಮಕ್ಕಳು ಚಿತ್ರದೊಳಗೆ ಬರದಂತೆ ನೋಡಿಕೊಳ್ಳುವುದು ಹಂಚಿಕೊಳ್ಳುವಾಗಲೂ ಮುಖ್ಯ.

ನಾಲ್ಕು ಭಾನುವಾರ

ತೊಡಗಲು ಒಂದು ತಿಂಗಳ ಪಟ್ಟಿ ಹೀಗಿರಬಹುದು. ಮೊದಲ ಭಾನುವಾರ ಬೆಳಿಗ್ಗೆ ಏಳೂವರೆಗೆ, ಅಂಗಡಿಗಳ ಶಟರ್ ಏಳುವ ಮೊದಲು, ಸ್ವಂತ ಬೀದಿಯ ಇಪ್ಪತ್ತು ಫಲಕ. ಎರಡನೆಯದು ಮನೆಯ ಟ್ರಂಕಿಗೆ, ಹಿರಿಯರ ಜೊತೆ ಕೂತು. ಮೂರನೆಯದು ಎಕ್ಸರ್‌ಗೆ ಅಥವಾ ಇಳಿತದ ಹೊತ್ತು ನೋಡಿಕೊಂಡು ದಡಕ್ಕೆ. ನಾಲ್ಕನೆಯ ಭಾನುವಾರ ಎಲ್ಲಿಗೂ ಹೋಗದೆ ಪುಸ್ತಕ ಬಿಚ್ಚಿ ಮೂರನೇ ಕಲಮನ್ನು ಮಾತ್ರ ಓದಬೇಕು. ಯಾವ ಊಹೆಯ ಬೆನ್ನುಹತ್ತಲು ಮನಸ್ಸು ಎಳೆಯುತ್ತದೋ ಅದೊಂದನ್ನು ಮುಂದಿನ ಮೂರು ತಿಂಗಳಿಗೆ ಆರಿಸಿ, ಉಳಿದವುಗಳ ಮುಂದೆ ಒಂದು ಚುಕ್ಕಿ ಇಟ್ಟು ಬಿಡಬೇಕು.

ಆರಿಸಿದ್ದು ಆ ‘ಬಾಂಬೆ–19’ ಫಲಕವಾದರೆ ಮುಂದಿನ ಪ್ರಶ್ನೆಗಳು ಆಗಲೇ ಸಾಲುಗಟ್ಟಿರುತ್ತವೆ. ಅದನ್ನು ಬರೆದ ಪೇಂಟರ್ ಯಾರು? ಕೆಳಮೂಲೆಯಲ್ಲಿ ಸಹಿ ಇದೆಯೇ? ಅದೇ ಬಾಗಿನ ‘9’ ಆ ಬೀದಿಯ ಇನ್ನಾವ ಅಂಗಡಿಯ ಮೇಲಾದರೂ ಇದೆಯೇ?